ಕೆಂಪು ದೀಪ ಉರಿಯುತ್ತಿದೆಯೇ? ಮೊದಲು ಅದನ್ನು ಬರೆಯಿರಿ

ಓದುಗರ ಪ್ರಶ್ನೆ, ರಿಪೇರಿಯವರ ಉತ್ತರ

ಗುಡುಗು ಸಿಡಿಲಿನ ಮಳೆ ಶುರುವಾಯಿತೆಂದರೆ ಸಾಗರದ ನನ್ನ ಅಂಗಡಿಯಲ್ಲಿ ಟಿವಿ ಇಡಲು ಜಾಗ ಸಾಲುವುದಿಲ್ಲ. ಬೇರೆ ಜಿಲ್ಲೆಗಳಲ್ಲೂ ಇದೇ ಕಥೆ ಎಂದು ಈ ಸಲದ ಪತ್ರಗಳು ಹೇಳುತ್ತಿವೆ. ಆದರೆ ಅವುಗಳಲ್ಲಿ ಬಹಳಷ್ಟು ಒಂದೇ ಸಾಲಿನವು: "ಟಿವಿ ಆನ್ ಆಗುತ್ತಿಲ್ಲ, ಏನು ಹೋಗಿರಬಹುದು?" ಇಷ್ಟನ್ನೇ ಓದಿ ಯಾರೂ ಉತ್ತರ ಹೇಳಲಾರರು, ಹೇಳಲೂಬಾರದು. ಟಿವಿಯ ಕೆಳ ಅಂಚಿನಲ್ಲಿ ಒಂದು ಸಣ್ಣ ದೀಪ ಇರುತ್ತದೆ, ಹೆಚ್ಚಿನವುಗಳಲ್ಲಿ ಕೆಂಪು. ಅದು ಉರಿಯುತ್ತಿದೆಯೇ, ಆರಿದೆಯೇ, ಮಿನುಗುತ್ತಿದೆಯೇ? ಮಿನುಗುತ್ತಿದ್ದರೆ ಎಷ್ಟು ಸಲ ಮಿನುಗಿ ನಿಲ್ಲುತ್ತದೆ? ಒಳಗೆ ಟಿಕ್ ಎಂಬ ಸದ್ದು ಬರುತ್ತದೆಯೇ? ಕೆಡುವುದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ, ಬೀದಿಯಲ್ಲಿ ಏನಾಗಿತ್ತು? ಇವನ್ನು ಬರೆದರೆ ತಪ್ಪು ಯಾವ ಬೋರ್ಡಿನ ಕಡೆ ಇದೆ ಎಂಬುದು ಮುಚ್ಚಳ ತೆಗೆಯುವ ಮೊದಲೇ ಅಂದಾಜಿಗೆ ಸಿಗುತ್ತದೆ. ಕೆಳಗೆ ಉತ್ತರಿಸಿರುವುದು ಹೀಗೆ ವಿವರ ಬರೆದವರಿಗೆ.

ಪ್ರಶ್ನೆ: ಒಂದು ಸಂಜೆ ಇದ್ದಕ್ಕಿದ್ದಂತೆ ನಮ್ಮ ಮನೆಯ ಫ್ಯಾನು ಗಿರ್ರನೆ ತಿರುಗತೊಡಗಿತು, ಎರಡು ಬಲ್ಬು ಸುಟ್ಟವು. ಎದುರು ಮನೆಯಲ್ಲಿ ಮಾತ್ರ ದೀಪ ಮಂಕಾಗಿತ್ತು. ಟಿವಿಯ ಹಿಂದೆ ಪಟ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಈಗ ಕೆಂಪು ದೀಪವೂ ಇಲ್ಲ. ಮೂರು ವರ್ಷದ ಟಿವಿ. ನೋಡಿದವರು "ಪೂರ್ತಿ ಸುಟ್ಟಿದೆ, ಹೊಸದು ಕೊಳ್ಳಿ" ಎಂದರು. ಅವರು ಹಿಂದಿನ ಮುಚ್ಚಳವನ್ನು ಬಿಚ್ಚಲಿಲ್ಲ. — ನಿವೃತ್ತ ಶಿಕ್ಷಕರು, ಗದಗ

ಉತ್ತರ: ಮೇಷ್ಟ್ರೇ, ಬಿಚ್ಚದೆ ಹೇಳಿದ ಮಾತನ್ನು ನಂಬಬೇಡಿ. ಎದುರು ಮನೆಯ ದೀಪ ಮಂಕಾಗಿತ್ತು ಎಂದು ಬರೆದಿರಲ್ಲ, ಬಹಳ ಉಪಕಾರವಾಯಿತು. ಒಂದೇ ಬೀದಿಯಲ್ಲಿ ಕೆಲವು ಮನೆಗಳಿಗೆ ವೋಲ್ಟೇಜ್ ಏರಿ, ಕೆಲವು ಮನೆಗಳಿಗೆ ಇಳಿದರೆ ಕಂಬದ ನ್ಯೂಟ್ರಲ್ ತಂತಿ (ಕರೆಂಟ್ ಮರಳಿ ಹೋಗುವ ತಂತಿ) ಕಡಿದಿದೆ ಅಥವಾ ಅದರ ಜೋಡಣೆ ಸಡಿಲವಾಗಿದೆ ಎಂದೇ ಅರ್ಥ. ಕರೆಂಟ್ ತರುವ ಒಂದು ಫೇಸ್ ತಂತಿ ಮತ್ತು ನ್ಯೂಟ್ರಲ್ ನಡುವೆ ನಮಗೆ ಸಿಗುವುದು 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಇರುವುದು ಸುಮಾರು 400. ನ್ಯೂಟ್ರಲ್ ಇಲ್ಲವಾದರೆ ಬೇರೆ ಬೇರೆ ಫೇಸ್‌ನ ಮನೆಗಳು ಸರಣಿಯಲ್ಲಿ ಸೇರಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹೆಚ್ಚು ವಿದ್ಯುತ್ ಎಳೆಯುತ್ತಿರುವ ಮನೆಗೆ ಕಡಿಮೆ ವೋಲ್ಟೇಜ್, ಕಡಿಮೆ ಎಳೆಯುವ ಮನೆಗೆ ಹೆಚ್ಚು. ಎದುರು ಮನೆಯಲ್ಲಿ ಆ ಹೊತ್ತಿಗೆ ಗೀಸರೋ ಇಸ್ತ್ರಿ ಪೆಟ್ಟಿಗೆಯೋ ನಡೆಯುತ್ತಿದ್ದಿರಬೇಕು. ನಿಮ್ಮಲ್ಲಿ ಫ್ಯಾನು, ಟಿವಿ ಇಷ್ಟೇ ಇದ್ದವು. ಹಾಗಾಗಿ ಪೆಟ್ಟು ನಿಮಗೆ ಬಿತ್ತು.

ಇನ್ನು ಟಿವಿಯ ಒಳಗೆ. ಪ್ಲಗ್‌ನ ತಂತಿ ಪವರ್ ಬೋರ್ಡಿಗೆ, ಅಂದರೆ ಟಿವಿಯ ಉಳಿದ ಭಾಗಗಳಿಗೆ ಕರೆಂಟ್ ಹಂಚುವ ಬೋರ್ಡಿಗೆ, ಬಂದ ಕೂಡಲೇ ಒಂದು ಫ್ಯೂಸ್ ಇರುತ್ತದೆ, ಬಹುತೇಕ 3.15 ಆಂಪಿಯರಿನದು. ಅದರ ಬೆನ್ನಿಗೆ ಉಗುರಿನಷ್ಟು ಅಗಲದ, ಸಾಮಾನ್ಯವಾಗಿ ನೀಲಿ ಬಣ್ಣದ ಒಂದು ಬಿಲ್ಲೆ. ಅದು ವ್ಯಾರಿಸ್ಟರ್. ಮೈಮೇಲೆ 471 ಎಂದು ಅಚ್ಚಾಗಿದ್ದರೆ 470 ವೋಲ್ಟಿನದು. ಸಾಮಾನ್ಯ ವೋಲ್ಟೇಜಿನಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ. ಮಿತಿ ಮೀರಿತೋ, ತಾನೇ ಶಾರ್ಟ್ ಆಗಿ ಫ್ಯೂಸನ್ನು ಹಾರಿಸಿ ಬೋರ್ಡಿನ ಮುಂದಿನ ಭಾಗಗಳನ್ನು ಕಾಯುತ್ತದೆ. ನೀವು ಕೇಳಿದ ಪಟ್ ಸದ್ದು, ಆ ವಾಸನೆ ಅದರದ್ದೇ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಫ್ಯೂಸು, ವ್ಯಾರಿಸ್ಟರ್ ಎರಡೂ ಸೇರಿ ಐವತ್ತು ರೂಪಾಯಿಯ ಸಾಮಾನು. ಉಳಿದದ್ದು ಮೆಕ್ಯಾನಿಕ್‌ನ ಕೂಲಿ. ವ್ಯಾರಿಸ್ಟರ್ ಪೂರ್ತಿ ತಡೆಯಲಾಗದೆ ಹೋಗಿದ್ದರೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್, ವಿದ್ಯುತ್ ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಕೂಡ ಹೋಗಿರಬಹುದು. ಆಗಲೂ ಪವರ್ ಬೋರ್ಡು ಒಂದನ್ನೇ ಬದಲಿಸಿದರೆ ಸಾಕಾಗುವುದೇ ಹೆಚ್ಚು. ಪ್ಯಾನೆಲ್ (ಚಿತ್ರ ಮೂಡುವ ಪರದೆ) ಚೆನ್ನಾಗಿರುವ ಮೂರು ವರ್ಷದ ಟಿವಿಯನ್ನು ಅಳೆಯದೆ ಗುಜರಿಗೆ ಹಾಕಿಸುವುದು ಅನ್ಯಾಯ.

ರಿಪೇರಿಯವರು ಹೇಗೆ ಪರೀಕ್ಷೆ ಮಾಡುತ್ತಾರೆ ಎಂಬುದನ್ನು ನಿಂತು ನೋಡಿ. ಹೊಸ ಫ್ಯೂಸ್ ಹಾಕಿ ನೇರವಾಗಿ ಪ್ಲಗ್‌ಗೆ ಸಿಕ್ಕಿಸಿದರೆ, ಒಳಗೆ ಶಾರ್ಟ್ ಉಳಿದಿದ್ದಲ್ಲಿ ಮತ್ತೆ ಸಿಡಿಯುತ್ತದೆ. ನಾವು ಮಾಡುವುದು ಸೀರೀಸ್ ಬಲ್ಬಿನ ಪರೀಕ್ಷೆ: ನೂರು ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬೊಂದರ ಮೂಲಕ ಟಿವಿಗೆ ಕರೆಂಟ್ ಕೊಡುವುದು. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಫಕ್ಕನೆ ಬೆಳಗಿ ಮಂಕಾದರೆ ದೊಡ್ಡ ಕೆಪಾಸಿಟರ್ ತುಂಬಿಕೊಂಡಿತು, ಮುಂದೆ ಶಾರ್ಟ್ ಇಲ್ಲ. ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ಆದರೆ ಬೋರ್ಡಿಗೆ ಹೊಸ ಹಾನಿ ಆಗಿಲ್ಲ, ಬಲ್ಬೇ ತಡೆದುಕೊಂಡಿದೆ. ಈ ಬಲ್ಬುಗಳು ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಸಿಕ್ಕಾಗಲೆಲ್ಲ ಕೊಂಡು, ಹತ್ತಿಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಎರಡು ಮಾತು ಒತ್ತಿ ಹೇಳುತ್ತೇನೆ. ಫ್ಯೂಸ್ ಇರುವ ಜಾಗಕ್ಕೆ ತಾಮ್ರದ ಎಳೆ ಬೆಸೆಯುವವರ ಕೈಗೆ ಟಿವಿ ಕೊಡಬೇಡಿ, ಮುಂದಿನ ಸಲ ಬೆಂಕಿಯೇ ಹತ್ತಬಹುದು. ಹಾಗೆಯೇ ಸುಟ್ಟ ವ್ಯಾರಿಸ್ಟರನ್ನು ಕಿತ್ತು ಆ ಜಾಗವನ್ನು ಖಾಲಿ ಬಿಟ್ಟರೂ ಟಿವಿ ನಡೆಯುತ್ತದೆ, ಎಷ್ಟೋ ಜನ ಹಾಗೇ ಬಿಡುತ್ತಾರೆ. ಆದರೆ ಕಾವಲು ಹೋಯಿತು. "ವ್ಯಾರಿಸ್ಟರ್ ಹೊಸದು ಹಾಕಿದ್ದೀರಾ, ತೋರಿಸಿ" ಎಂದು ಕೇಳಿ. ಟಿವಿ ಮನೆಗೆ ಬರುವ ಮುಂಚೆ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕಂಬದ ನ್ಯೂಟ್ರಲ್ ಜೋಡಣೆಯನ್ನು ಪರೀಕ್ಷಿಸಲು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮನೆಯ ಮೀಟರ್ ಬೋರ್ಡಿನ ಬಳಿ ವೋಲ್ಟೇಜ್ ಏರಿದಾಗ ಕಡಿತಗೊಳಿಸುವ ಪ್ರೊಟೆಕ್ಟರ್ ಒಂದನ್ನು ಹಾಕಿಸಿದರೆ ಫ್ರಿಜ್, ಮಿಕ್ಸಿ ಎಲ್ಲಕ್ಕೂ ರಕ್ಷಣೆ.

ಪ್ರಶ್ನೆ: ಅಣ್ಣಾ, ಸಿಡಿಲು ಬರುತ್ತದೆಂದು ಪ್ಲಗ್ ಕಿತ್ತಿಟ್ಟಿದ್ದೆ. ಮಾರನೇ ದಿನ ಹಾಕಿದರೆ ಟಿವಿ ಹತ್ತಲಿಲ್ಲ, ಕೆಂಪು ದೀಪವೂ ಇಲ್ಲ. ಸೆಟ್‌ಟಾಪ್ ಬಾಕ್ಸ್ ಕೂಡ ಸತ್ತಿದೆ. ಕರೆಂಟೇ ಇಲ್ಲದ ಟಿವಿ ಹೇಗೆ ಹೋಯಿತು? — ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂಗೀ, ಕರೆಂಟಿನ ತಂತಿ ಕಿತ್ತಿರಿ, ಡಿಶ್ ತಂತಿ ಹಾಗೇ ಇತ್ತು. ಮಾಡಿನ ಮೇಲಿನ ಡಿಶ್‌ನಿಂದ ಹೊರಟ ತಂತಿ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಯ ಮೇನ್ ಬೋರ್ಡಿಗೆ, ಅಂದರೆ ಚಿತ್ರ, ಸದ್ದು ನಡೆಸುವ ಬೋರ್ಡಿಗೆ, ಬರುತ್ತದೆ. ಸಿಡಿಲು ಡಿಶ್ ಮೇಲೇ ಬೀಳಬೇಕೆಂದಿಲ್ಲ. ತೋಟದಾಚೆ ಬಿದ್ದರೂ ಅಷ್ಟು ಉದ್ದದ ತಂತಿಯಲ್ಲಿ ಹುಟ್ಟುವ ಏರುವೋಲ್ಟೇಜು ಅದರಲ್ಲಿರುವ ಸೂಕ್ಷ್ಮವಾದ ಐಸಿಗಳಿಗೆ (ಚಿಪ್‌ಗಳಿಗೆ) ಸಾಕಷ್ಟಾಯಿತು. ನಮ್ಮ ಮಲೆನಾಡಿನಲ್ಲಿ ಏಪ್ರಿಲ್–ಮೇ ತಿಂಗಳ ಮಳೆ ಮತ್ತು ಹಿಂಗಾರಿನ ದಿನಗಳಲ್ಲಿ ಬರುವ ಟಿವಿಗಳಲ್ಲಿ ಹೀಗೆ ಹಿಂಬಾಗಿಲಿನಿಂದ ಪೆಟ್ಟು ತಿಂದವೇ ಹೆಚ್ಚು. ಸೆಟ್‌ಟಾಪ್ ಬಾಕ್ಸೂ ಸತ್ತಿದೆ ಎಂಬುದೇ ಇದಕ್ಕೆ ಸಾಕ್ಷಿ.

ಆದರೆ ಕೆಂಪು ದೀಪ ಇಲ್ಲವೆಂದ ಮಾತ್ರಕ್ಕೆ ಪವರ್ ಬೋರ್ಡೂ ಹೋಯಿತು ಎಂದುಕೊಳ್ಳಬೇಡಿ. ಹಲವು ಟಿವಿಗಳಲ್ಲಿ ಪವರ್ ಬೋರ್ಡು ಸದಾ 5 ವೋಲ್ಟ್ ಕೊಡುತ್ತಿರುತ್ತದೆ, ಕೆಂಪು ದೀಪ ಅದರಿಂದಲೇ ಉರಿಯುವುದು. ಮೇನ್ ಬೋರ್ಡಿನಲ್ಲಿ ಶಾರ್ಟ್ ಆಗಿದ್ದರೆ ಆ 5 ವೋಲ್ಟ್ ಕೆಳಕ್ಕೆ ಎಳೆದುಕೊಂಡು ದೀಪ ಆರುತ್ತದೆ. ಎರಡು ಬೋರ್ಡುಗಳ ನಡುವಿನ ಕನೆಕ್ಟರ್ ಕಿತ್ತು ಪವರ್ ಬೋರ್ಡನ್ನು ಒಂಟಿಯಾಗಿ ಅಳೆದಾಗ 5 ವೋಲ್ಟ್ ಮರಳಿ ಬಂದರೆ ಅದು ಗಟ್ಟಿಯಾಗಿದೆ, ಮೇನ್ ಬೋರ್ಡೇ ಅಪರಾಧಿ. ಇದಕ್ಕೆ ಐದು ನಿಮಿಷ ಬೇಕು. ಮಾಡದೆ ಎರಡೂ ಬೋರ್ಡಿನ ಹಣ ಕೇಳಿದರೆ ಕೊಡಬೇಡಿ. ಎರಡೂ ಒಂದೇ ಹಲಗೆಯಲ್ಲಿರುವ ಸಣ್ಣ ಟಿವಿಗಳೂ ಇವೆ, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಮೇನ್ ಬೋರ್ಡ್ ಸಿಗದಿದ್ದರೆ ಹಲವು ಟಿವಿಗಳಿಗೆ ಹೊಂದುವ ಯುನಿವರ್ಸಲ್ ಬೋರ್ಡ್ ಹಾಕೋಣ ಎನ್ನಬಹುದು. ಹಾಕಿಸಬಹುದು, ಆದರೆ ಆ ಬೋರ್ಡಿನಲ್ಲಿ ಪ್ಯಾನೆಲ್‌ಗೆ 3.3, 5 ಅಥವಾ 12 ವೋಲ್ಟ್ ಎಂದು ಆರಿಸುವ ಸಣ್ಣ ಜಂಪರ್ ಒಂದು ಇರುತ್ತದೆ. ಪ್ಯಾನೆಲ್ ಹಿಂದಿನ ಚೀಟಿಯ ನಂಬರ್ ನೋಡಿ ಅದನ್ನು ಇಡಬೇಕು. 5 ವೋಲ್ಟಿನ ಪ್ಯಾನೆಲ್‌ಗೆ 12 ಕೊಟ್ಟರೆ ಪ್ಯಾನೆಲೇ ಹೋಗುತ್ತದೆ, ಅದರ ಬೆಲೆ ಹೊಸ ಟಿವಿಯ ಬೆಲೆಗೆ ಹತ್ತಿರ.

ಇನ್ನು ಮುಂದೆ ಮೋಡ ಕಟ್ಟುವಾಗಲೇ ಪ್ಲಗ್ ಜೊತೆಗೆ ಡಿಶ್ ತಂತಿಯನ್ನೂ ಬಾಕ್ಸಿನಿಂದ ತಿರುಗಿಸಿ ಬಿಚ್ಚಿಡಿ. ಇಂಟರ್‌ನೆಟ್‌ನ ತಂತಿ ಟಿವಿಗೆ ಬಂದಿದ್ದರೆ ಅದನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದ ನಂತರ ಮಾತ್ರ ಆ ತಂತಿಗಳನ್ನು ಮುಟ್ಟಲೇಬೇಡಿ. ಟಿವಿ ಹೋದರೆ ಹೋಗಲಿ.

ಪ್ರಶ್ನೆ: ಕೆಂಪು ದೀಪ ಉರಿಯುತ್ತಿದೆ, ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ. — ಅಂಗಡಿ ಮಾಲೀಕರು, ಕುಂದಾಪುರ

ಉತ್ತರ: ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರ ಮುಂದೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಬೆಳಕು ಅದರಲ್ಲಿ ನೇರಳೆ ಬಣ್ಣದಲ್ಲಿ ಮಿನುಗುತ್ತದೆ. ಮಿನುಗದಿದ್ದರೆ ಹೆಚ್ಚಾಗಿ ರಿಮೋಟಿನದೇ ತಪ್ಪು. ಕರಾವಳಿಯ ಉಪ್ಪುಗಾಳಿಗೆ ಬ್ಯಾಟರಿಯ ಸ್ಪ್ರಿಂಗಿನಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ, ಉಜ್ಜು ಕಾಗದದಿಂದ ಕೆರೆದು ನೋಡಿ. ಬ್ಲೂಟೂತ್ ರಿಮೋಟ್‌ಗಳಲ್ಲೂ ಪವರ್ ಬಟನ್ ಹೆಚ್ಚಾಗಿ ಈ ಬೆಳಕಿನಿಂದಲೇ ಕೆಲಸ ಮಾಡುತ್ತದೆ. ಮಿನುಗಿದರೆ ಟಿವಿಯದೇ ಬಟನ್ ಒತ್ತಿ. ಕೆಳಗೆ ಮಧ್ಯದಲ್ಲೋ ಹಿಂದೆ ಬಲಮೂಲೆಯಲ್ಲೋ ಇರುತ್ತದೆ, ಅನೇಕರಿಗೆ ಅದು ಇದೆಯೆಂದೇ ಗೊತ್ತಿಲ್ಲ. ಅದಕ್ಕೂ ಜಗ್ಗದಿದ್ದರೆ ಪ್ಲಗ್ ಕಿತ್ತು, ಆ ಬಟನ್ನನ್ನು ಅರ್ಧ ನಿಮಿಷ ಅದುಮಿ ಹಿಡಿದು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಸ್ಮಾರ್ಟ್ ಟಿವಿಗಳಲ್ಲಿ ಇಷ್ಟಕ್ಕೇ ಸರಿಹೋಗುವುದುಂಟು. ಹೋಗದಿದ್ದರೆ ಮೇನ್ ಬೋರ್ಡನ್ನು ನೋಡಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ 2010ರಲ್ಲಿ ಕೊಂಡ 32 ಇಂಚಿನ ಎಲ್‌ಸಿಡಿ ಟಿವಿ ಇದೆ. ಬೆಳಿಗ್ಗೆ ಆನ್ ಮಾಡಿದರೆ ಟಿಕ್ ಟಿಕ್ ಎನ್ನುತ್ತ ಇರುತ್ತದೆ, ಕಾಲು ಗಂಟೆಯ ನಂತರ ತಾನಾಗಿ ಬರುತ್ತದೆ. ಮಳೆಗಾಲದಲ್ಲಿ ಇನ್ನೂ ತಡ. ನಾನು ಡಿಪ್ಲೊಮಾ ಓದುತ್ತಿದ್ದೇನೆ, ಮಲ್ಟಿಮೀಟರ್ ಮತ್ತು ಸೋಲ್ಡರಿಂಗ್ ಐರನ್ ಇವೆ. ನಾನೇ ಬಿಚ್ಚಬಹುದೇ ಸರ್? — ವಿದ್ಯಾರ್ಥಿ, ಪುತ್ತೂರು

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಲಕ್ಷಣವನ್ನು ಇಷ್ಟು ಸ್ಪಷ್ಟವಾಗಿ ಗಮನಿಸುವವನು ಈ ಕೆಲಸ ಕಲಿಯಬಲ್ಲ. ಬಿಚ್ಚಬಹುದು, ಆದರೆ ನಾನು ಹೇಳುವ ಗಡಿಯೊಳಗೆ ಮಾತ್ರ.

ಇದು ಕೆಪಾಸಿಟರ್ ಒಣಗಿದ ಲಕ್ಷಣ. ಪವರ್ ಬೋರ್ಡಿನ ಔಟ್‌ಪುಟ್ ಕಡೆ ನಿಂತಿರುವ 1000 ಮೈಕ್ರೊಫ್ಯಾರಡ್, 10 ಅಥವಾ 16 ವೋಲ್ಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ನೋಡು. ಒಳಗಿನ ದ್ರವ ವರ್ಷಗಳ ಬಿಸಿಗೆ ಒಣಗುತ್ತ ಹೋದಂತೆ ಅವುಗಳ ಒಳರೋಧ ಏರುತ್ತದೆ. ತಣ್ಣಗಿದ್ದಾಗ ಅದು ಇನ್ನೂ ಹೆಚ್ಚು, ಸ್ವಲ್ಪ ಬಿಸಿಯಾದ ಮೇಲೆ ಇಳಿದು ಟಿವಿ ಹತ್ತುತ್ತದೆ. ಬೆಳಿಗ್ಗೆ ತಡ, ಮಳೆಗಾಲದಲ್ಲಿ ಮತ್ತೂ ತಡ ಎಂದು ನೀನು ಬರೆದದ್ದು ಇದೇ. ಒಳ್ಳೆಯ ಕೆಪಾಸಿಟರಿನ ನೆತ್ತಿ ಸಪಾಟಾಗಿರುತ್ತದೆ. ಕೆಟ್ಟದ್ದು ಉಬ್ಬಿ, ನೆತ್ತಿಯ ಮೇಲಿನ ಕತ್ತರಿ ಗೆರೆ ಬಿರಿದು, ಕೆಲವೊಮ್ಮೆ ಕಂದು ಅಂಟು ಕಾರಿರುತ್ತದೆ. ಉಬ್ಬದೆಯೂ ಕೆಟ್ಟಿರುವುದುಂಟು, ಅದನ್ನು ಒಳರೋಧ ಅಳೆಯುವ ಇಎಸ್‌ಆರ್ ಮೀಟರಿನಲ್ಲಷ್ಟೇ ಕಾಣಬಹುದು.

ಈಗ ಗಡಿ. ಬೋರ್ಡಿನ ಮೇಲೆ ಒಂದು ದಪ್ಪ ಗೆರೆ ಬಿಸಿ ಕಡೆ, ತಣ್ಣನೆಯ ಕಡೆ ಎಂದು ಎರಡು ಭಾಗ ಮಾಡಿರುತ್ತದೆ. ಪ್ಲಗ್ ತಂತಿ ಬರುವುದು ಬಿಸಿ ಕಡೆ. ಅಲ್ಲಿ ನಿಂತಿರುವ 400 ಅಥವಾ 450 ವೋಲ್ಟಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ನಂತರವೂ ಉಳಿದಿರಬಹುದು. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು, ಒಂದು ಫಿಲಮೆಂಟ್ ಬಲ್ಬಿನ ಎರಡು ತಂತಿಗಳನ್ನು ಆ ಕೆಪಾಸಿಟರಿನ ಕಾಲುಗಳಿಗೆ ಹಿಡಿದು ಖಾಲಿ ಮಾಡು. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಚಾಳಿ ಕಲಿಯಬೇಡ. ಆಮೇಲೆ ಮೀಟರಿನಲ್ಲಿ ಅಳೆದು ಸೊನ್ನೆಗೆ ಬಂದಿದೆ ಎಂದು ನೋಡಿಯೇ ಮುಟ್ಟು. ತಣ್ಣನೆಯ ಕಡೆಯ ಕೆಪಾಸಿಟರ್ ಬದಲಿಸು. ಬಿಸಿ ಕಡೆ ಏನಾದರೂ ಕೆಟ್ಟಿದ್ದರೆ ಅನುಭವಸ್ಥರ ಬಳಿಗೆ ಒಯ್ಯಿ. ನನಗೆ ಕೆಲಸ ಕಲಿಸಿದ ಶಿವಮೊಗ್ಗದ ಉಸ್ತಾದರು ಕರೆಂಟ್ ಇರುವ ಬೋರ್ಡನ್ನು ಅಳೆಯುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು, ನಮ್ಮಿಂದಲೂ ಕಟ್ಟಿಸುತ್ತಿದ್ದರು. ಎರಡು ಕೈ ತಗುಲಿದರೆ ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹರಿಯುತ್ತದೆ.

ಹೊಸ ಕೆಪಾಸಿಟರ್ 105 ಡಿಗ್ರಿ ಬಿಸಿ ತಡೆಯುವಂಥದ್ದೇ ಆಗಿರಲಿ, ಕಡಿಮೆ ಒಳರೋಧದ್ದನ್ನು ಕೇಳಿ ತಗೊ. ಮೈಕ್ರೊಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ ಮೊದಲಿನಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು ಇರಬಹುದು, ಕಡಿಮೆ ಬೇಡ. ಬದಿಯ ಪಟ್ಟೆ ಇರುವ ಕಾಲು ಮೈನಸ್. ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೋ, ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ. ಪುತ್ತೂರು, ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ಅಲ್ಲಿಯೂ ಹಳೆಯ ಬೋರ್ಡಿನಿಂದ ಕಿತ್ತು ಮಾರುವ ಮಾಲು ಇರುತ್ತದೆ, ಕಾಲುಗಳು ಉದ್ದವಾಗಿ ಹೊಳೆಯುತ್ತಿರುವುದನ್ನೇ ಆರಿಸು.

ಮುಚ್ಚಳ ತೆಗೆದ ಕೂಡಲೇ ಇನ್ನೊಂದು ಕೆಲಸ: ಹಲ್ಲಿ ಇದೆಯೇ ನೋಡು. ಸ್ಟ್ಯಾಂಡ್‌ಬೈನಲ್ಲಿ ಬೆಚ್ಚಗಿರುವ ಪವರ್ ಬೋರ್ಡಿನ ಸಂದಿಗೆ ಅದು ಸೇರುತ್ತದೆ. ಬಿಸಿ ಕಡೆಯ ಎರಡು ಬೆಸುಗೆಗಳಿಗೆ ಮೈ ತಗುಲಿತೋ, ಅದೂ ಸತ್ತು ಫ್ಯೂಸೂ ಹಾರುತ್ತದೆ. ನಿಮ್ಮ ಕಡೆ, ನಮ್ಮ ಕಡೆ ಇದು ಅಪರೂಪವಲ್ಲ. ಗಾಳಿ ಕಿಂಡಿಗಳ ಒಳಬದಿಗೆ ಸೊಳ್ಳೆ ಪರದೆಯ ತೆಳು ಬಲೆ ಅಂಟಿಸಿದರೆ ಗಾಳಿಯೂ ಆಡುತ್ತದೆ, ಹಲ್ಲಿಯೂ ಬರುವುದಿಲ್ಲ.

ಪ್ರಶ್ನೆ: ಟಿವಿ ಆನ್ ಮಾಡಿದರೆ ಒಂದು ಕ್ಷಣ ಬೆಳಕು ಬಂದು ಪರದೆ ಕಪ್ಪಾಗುತ್ತದೆ. ಧಾರಾವಾಹಿಯ ಮಾತು ಕೇಳಿಸುತ್ತಲೇ ಇರುತ್ತದೆ. ಪ್ಯಾನೆಲ್ ಹೋಗಿದೆ ಎಂದಿದ್ದಾರೆ. — ಓದುಗರು, ಬೆಂಗಳೂರು

ಉತ್ತರ: ಮಾತು ಕೇಳಿಸುತ್ತಿದ್ದರೆ ಟಿವಿ ಆನ್ ಆಗಿದೆ, ಕಾಣಿಸುತ್ತಿಲ್ಲ ಅಷ್ಟೇ. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ನೋಡಿ. ಬೆಳಕು ಬಿದ್ದಷ್ಟು ಜಾಗದಲ್ಲಿ ಮಸುಕಾಗಿ ಮುಖಗಳು ಓಡಾಡುವುದು ಕಂಡರೆ ಪ್ಯಾನೆಲ್ ಜೀವಂತ ಇದೆ, ಹೋಗಿರುವುದು ಹಿಂದಿನ ಬ್ಯಾಕ್‌ಲೈಟ್. ಪ್ಯಾನೆಲ್ ಬದಲಿಸುವ ಖರ್ಚಿಗೂ ಬ್ಯಾಕ್‌ಲೈಟ್ ಬದಲಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ, ಆದ್ದರಿಂದ ಟಾರ್ಚ್ ಪರೀಕ್ಷೆ ಮಾಡದೆ ಯಾರಿಗೂ ಹೂಂ ಎನ್ನಬೇಡಿ.

ಪರದೆಯ ಹಿಂದೆ ಎಲ್‌ಇಡಿ ಪಟ್ಟಿಗಳಿರುತ್ತವೆ. ದೀಪಾವಳಿಗೆ ತೂಗುಹಾಕುವ ಸೀರಿಯಲ್ ಸೆಟ್ಟಿನಂತೆ ಒಂದು ಎಲ್‌ಇಡಿ ಹೋದರೆ ಇಡೀ ಸಾಲು ಆರುತ್ತದೆ. ಒಂದು ಕ್ಷಣ ಬೆಳಗಿ ಆರುವುದು ಏಕೆಂದರೆ, ವ್ಯತ್ಯಾಸ ಕಂಡ ಕೂಡಲೇ ಡ್ರೈವರ್ ಸರ್ಕ್ಯೂಟ್ ತಾನೇ ನಿಲ್ಲಿಸುತ್ತದೆ. ಹೋದ ಒಂದು ಎಲ್‌ಇಡಿಯನ್ನಷ್ಟೇ ಬದಲಿಸಿದರೆ ಅಗ್ಗವಾಗುತ್ತದೆ. ಆದರೆ ಉಳಿದವೂ ಅಷ್ಟೇ ಗಂಟೆ ಉರಿದು ಸೋತಿರುತ್ತವೆ, ಇನ್ನೊಂದು ಬೇಗನೇ ಹೋಗುತ್ತದೆ. ಪಟ್ಟಿಗಳನ್ನು ಪೂರ್ತಿ ಸೆಟ್ಟಾಗಿ ಬದಲಿಸಿಕೊಳ್ಳಿ. ಈ ಕೆಲಸಕ್ಕೆ ಪ್ಯಾನೆಲ್ಲಿನ ಗಾಜನ್ನು ಎತ್ತಿ ಪಕ್ಕಕ್ಕಿಡಬೇಕು. ತೆಳು ಗಾಜು, ಅಂಚಿನಲ್ಲಿ ಕಾಗದದಷ್ಟು ತೆಳುವಾದ ರಿಬ್ಬನ್ನುಗಳು. ದೊಡ್ಡ ಟಿವಿಯಾದರೆ ಇಬ್ಬರು ಹಿಡಿಯಲೇಬೇಕು. ಮನೆಯ ಮಂಚದ ಮೇಲೆ ಒಬ್ಬರೇ ಬಿಚ್ಚುತ್ತೇನೆ ಎಂದವರನ್ನು ವಾಪಸು ಕಳುಹಿಸಿ. ಗಾಜು ಒಡೆದರೆ ಹೊಣೆ ಯಾರದು ಎಂಬುದನ್ನು ಮೊದಲೇ ಮಾತಾಡಿ ರಸೀದಿಯಲ್ಲಿ ಬರೆಸಿ.

ಸರಿಯಾದ ಮೇಲೆ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟನ್ನು ನೂರರಿಂದ ಐವತ್ತು, ಅರವತ್ತಕ್ಕೆ ಇಳಿಸಿ. ಶೋರೂಮಿನ ಝಗಮಗ ಬೆಳಕಿಗಾಗಿ ಇಟ್ಟ ಮಟ್ಟ ಮನೆಯ ಕೋಣೆಗೆ ಬೇಕಿಲ್ಲ. ಬಿಸಿ ಕಡಿಮೆಯಾದಷ್ಟೂ ಪಟ್ಟಿಗಳ ಆಯುಸ್ಸು ಹೆಚ್ಚು.

ಪ್ರಶ್ನೆ: ಕಂಪನಿಯ ಹೆಸರು ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ. ಮುಂದೆ ಹೋಗುವುದಿಲ್ಲ. — ಓದುಗರು, ಬಳ್ಳಾರಿ

ಉತ್ತರ: ಪವರ್, ಪ್ಯಾನೆಲ್, ಬ್ಯಾಕ್‌ಲೈಟ್ ಮೂರೂ ಸರಿ ಇವೆ ಎಂಬುದಕ್ಕೆ ಆ ಹೆಸರೇ ಪುರಾವೆ. ಸಾಫ್ಟ್‌ವೇರ್ ಅರ್ಧದಲ್ಲಿ ನಿಂತಿದೆ. ಎಚ್‌ಡಿಎಂಐ, ಯುಎಸ್‌ಬಿ ಎಲ್ಲ ಕಿತ್ತು ಒಮ್ಮೆ ಆನ್ ಮಾಡಿ, ಕೆಟ್ಟ ಪೆನ್‌ಡ್ರೈವ್ ಕೂಡ ಹೀಗೆ ಮಾಡಿಸುತ್ತದೆ. ಆಗದಿದ್ದರೆ ಪೆನ್‌ಡ್ರೈವ್‌ನಿಂದ ಸಾಫ್ಟ್‌ವೇರ್ ಮತ್ತೆ ತುಂಬಿಸಬೇಕು. ಫೈಲು ನಿಮ್ಮ ಟಿವಿಯ ಪೂರ್ತಿ ಮಾಡೆಲ್ ಸಂಖ್ಯೆಯದೇ ಆಗಿರಬೇಕು, ಹತ್ತಿರದ ಮಾಡೆಲ್ ಎಂದು ಹಾಕಿದರೆ ಬಂದಿರುವ ಹೆಸರೂ ಬರದೇ ಹೋದೀತು. ತುಂಬಿಸಿದರೂ ಮರುಕಳಿಸಿದರೆ ಮೆಮೊರಿ ಐಸಿ ಸವೆದಿದೆ, ಬದಲಿಸುವವರು ದೊಡ್ಡ ಊರುಗಳಲ್ಲಿ ಇದ್ದಾರೆ.

ಪ್ರಶ್ನೆ: ಮಗ ಅಮೆರಿಕದಿಂದ ವಾಪಸಾಗುವಾಗ ಅಲ್ಲಿಯ ಟಿವಿ ತಂದ. ಪ್ಲಗ್‌ಗೆ ಅಡಾಪ್ಟರ್ ಹಾಕಿ ಚುಚ್ಚಿದ ತಕ್ಷಣ ಢಂ ಎಂದಿತು. — ಓದುಗರು, ಮೈಸೂರು

ಉತ್ತರ: ತಾಯೀ, ಆ ಅಡಾಪ್ಟರ್ ಪ್ಲಗ್‌ನ ಕಾಲುಗಳ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಟಿವಿಯ ಹಿಂದಿನ ಚೀಟಿಯಲ್ಲಿ 100–240 ಎಂದಿದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ. 120 ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಹಾಕುವಂತಿಲ್ಲ. ಅಂಥ ಕೆಲವು ಟಿವಿಗಳ ಪವರ್ ಬೋರ್ಡಿನಲ್ಲಿ ದೊಡ್ಡ ಕೆಪಾಸಿಟರ್ 200 ವೋಲ್ಟಿನದು ಇರುತ್ತದೆ. ಅಲ್ಲಿಯ ಕರೆಂಟಿಗೆ ಅದರಲ್ಲಿ 170 ವೋಲ್ಟ್ ತುಂಬುತ್ತದೆ, ನಮ್ಮ ಕರೆಂಟಿಗೆ 325. ಢಂ ಎಂದದ್ದು ಅದು. ಪ್ಯಾನೆಲ್, ಮೇನ್ ಬೋರ್ಡ್ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಸುಟ್ಟ ಬೋರ್ಡನ್ನೇ 230ಕ್ಕೆ ಪಳಗಿಸಲು ಹಣ ಹಾಕಬೇಡಿ. ಅದೇ ಔಟ್‌ಪುಟ್ ವೋಲ್ಟೇಜುಗಳಿರುವ ಇಲ್ಲಿಯ ಪವರ್ ಬೋರ್ಡ್ ಹುಡುಕಿ ಹಾಕಿಸುವುದು ಸರಿಯಾದ ದಾರಿ. ವಿದೇಶದಿಂದ ಸಾಮಾನು ತರುತ್ತಿರುವ ಇತರರು ಪ್ಯಾಕ್ ಮಾಡುವ ಮೊದಲೇ ಚೀಟಿ ಓದಿ.

ಪ್ರಶ್ನೆ: ತಂದೆಯವರ ಕಾಲದ 21 ಇಂಚಿನ ಡಬ್ಬಿ ಟಿವಿ. ಪಕ್ಕಕ್ಕೆ ತಟ್ಟಿದರೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಅಮ್ಮನಿಗೆ ಅದೇ ಬೇಕಂತೆ. ರಿಪೇರಿ ಸಾಧ್ಯವೇ? — ಕೃಷಿಕರು, ಹಾಸನ ಜಿಲ್ಲೆ

ಉತ್ತರ: ಖಂಡಿತ ಸಾಧ್ಯ. ತಟ್ಟಿದರೆ ಬರುತ್ತದೆ ಎಂದರೆ ಡ್ರೈ ಸೋಲ್ಡರ್. ಬೋರ್ಡಿನ ಮೇಲೆ ಭಾರವಾಗಿ ಕುಳಿತಿರುವ, ಪಿಕ್ಚರ್ ಟ್ಯೂಬಿಗೆ ಭಾರಿ ವೋಲ್ಟೇಜ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಸುತ್ತ, ಬಿಸಿಯಾಗುವ ಟ್ರಾನ್ಸಿಸ್ಟರುಗಳ ಬುಡದಲ್ಲಿ ಬೆಸುಗೆ ಬಿರುಕು ಬಿಡುತ್ತದೆ. ಭೂತಗನ್ನಡಿ ಹಿಡಿದರೆ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತದೆ. ಹಳೆಯ ಸೀಸ ಹೀರಿ ತೆಗೆದು ಹೊಸದಾಗಿ ಬೆಸೆದರೆ ಮುಗಿಯಿತು. ತಟ್ಟಿ ತಟ್ಟಿ ನಡೆಸುತ್ತಾ ಹೋದರೆ ಅಲ್ಲಿ ಕಿಡಿ ಹಾರಿ ಬೋರ್ಡೇ ಸುಟ್ಟು ಕರಿಯಾಗುತ್ತದೆ, ಆದ್ದರಿಂದ ತಡ ಮಾಡಬೇಡಿ. ಹಳೆಯ ಮೆಕ್ಯಾನಿಕ್ಕುಗಳನ್ನೇ ಹುಡುಕಿ. ಪಿಕ್ಚರ್ ಟ್ಯೂಬಿನ ರಬ್ಬರ್ ಟೋಪಿಯ ಕೆಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ, ಆರಿಸಿದ ಮೇಲೂ ಉಳಿದಿರುತ್ತದೆ. ಅದನ್ನು ಮುಟ್ಟಿ ಗೊತ್ತಿಲ್ಲದವರು ಕೈ ಹಾಕಬಾರದು.

ಅಮ್ಮ ಬಯಸಿದರೆ ಇಟ್ಟುಕೊಳ್ಳಲಿ. ಎವಿ ಕಿಂಡಿ ಇದ್ದರೆ, ಎವಿ ಔಟ್ ಇರುವ ಉಚಿತ ಡಿಶ್ ಬಾಕ್ಸನ್ನು ಹಳದಿ, ಕೆಂಪು, ಬಿಳಿ ತಂತಿಯಿಂದ ಜೋಡಿಸಬಹುದು. ಮುಂದೆ ಎಂದಾದರೂ ಬೇಡವಾದರೆ ತಿಪ್ಪೆಗೆ ಹಾಕಬೇಡಿ. ಆ ಗಾಜಿನಲ್ಲಿ ಸೀಸ ಇದೆ, ಒಡೆದರೆ ಹೊಲದ ಮಣ್ಣಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕಾದ ವಸ್ತು ಅದು.

ಪ್ರಶ್ನೆ: ಬೋರ್ಡ್ ಬದಲಿಸಿದ್ದೇವೆ ಎಂದು ಹಣ ಪಡೆದರು. ಎರಡು ವಾರಕ್ಕೆ ಅದೇ ತೊಂದರೆ. ಹಳೆಯ ಬೋರ್ಡ್ ಕೇಳಿದರೆ "ಅದೆಲ್ಲ ಕೊಡುವುದಿಲ್ಲ" ಎನ್ನುತ್ತಾರೆ. ಸ್ಟೆಬಿಲೈಸರ್ ಕೂಡ ಕೊಳ್ಳಬೇಕಂತೆ. — ಓದುಗರು, ಕಲಬುರಗಿ

ಉತ್ತರ: ಹಣ ಕೊಟ್ಟು ಹೊಸ ಭಾಗ ಹಾಕಿಸಿದಾಗ ಹಳೆಯದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹಳೆಯ ಬೋರ್ಡಿಗೆ ಬದಲಾಗಿ ರಿಪೇರಿ ಮಾಡಿದ ಬೋರ್ಡ್ ಕೊಡುವ ಪದ್ಧತಿಯೂ ಇದೆ, ಆಗ ಬೆಲೆ ಕಡಿಮೆ ಇರಬೇಕು ಮತ್ತು ಅದನ್ನು ಮೊದಲೇ ಹೇಳಿರಬೇಕು. ಹೇಳಿರಲಿಲ್ಲವಾದರೆ ರಸೀದಿ ಹಿಡಿದು ಲಿಖಿತವಾಗಿ ಕೇಳಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ರಸೀದಿ ಇಲ್ಲದಿದ್ದರೆ ದೂರಿಗೆ ಬಲವಿಲ್ಲ, ಇನ್ನು ಮುಂದೆ ಯಾವ ಬೋರ್ಡ್, ಎಷ್ಟು ಬೆಲೆ, ಎಷ್ಟು ತಿಂಗಳ ಭರವಸೆ ಎಂದು ಬರೆಸದೆ ಟಿವಿ ಬಿಟ್ಟು ಬರಬೇಡಿ.

ಸ್ಟೆಬಿಲೈಸರ್ ವಿಷಯ: ಚೀಟಿಯಲ್ಲಿ 100–240 ಎಂದಿರುವ ಟಿವಿಗೆ ನಿಮ್ಮೂರಿನ ಬೇಸಿಗೆಯ ಕಡಿಮೆ ವೋಲ್ಟೇಜು ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಏರುವ ವೋಲ್ಟೇಜಿನಿಂದ. ಕೊಳ್ಳುವುದಾದರೆ ವೋಲ್ಟೇಜ್ ಏರಿದಾಗ ಪೂರ್ತಿ ಕಡಿತಗೊಳಿಸುವ, ಮರಳಿ ಬಂದಾಗ ಕೆಲವು ನಿಮಿಷ ತಡೆದು ಕೊಡುವಂಥದ್ದನ್ನು ನೋಡಿ ಕೊಳ್ಳಿ. ಬರಿಯ ಕೆಂಪು ಹಸಿರು ದೀಪವಿರುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸ್ಟೆಬಿಲೈಸರಿನ ಬೆಲೆ ತೆರಬೇಡಿ.